ಮುಂದೂಡುವ ವಿದ್ಯಾರ್ಥಿ ಸೋಮಾರಿಯೇ?

(ಪದವಿ ವಿದ್ಯಾರ್ಥಿಗಳು ಮತ್ತು ಹೆತ್ತವರಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘಟಕರು ನಮಗೆ ಕೊಟ್ಟ ವಿಷಯ 'ವಿದ್ಯಾರ್ಥಿಗಳಲ್ಲಿ ಪ್ರೇರಣೆ'. ಈ ವಿಷಯದ ಮೇಲೆ ಭಾಷಣ ಮಾಡುವುದು ಬಹಳ ಸುಲಭ. ಪತ್ರಿಕೆ ಹಂಚುತ್ತಿದ್ದ ರಾಮೇಶ್ವರಂನ ಬಾಲಕ ರಾಷ್ಟ್ರಪತಿಯಾದುದನ್ನು ಹೇಳಿ, ಬೀದಿದೀಪದಡಿ ಓದಿ ದೊಡ್ಡವರಾದವರ ಒಂದೆರಡು ಪ್ರಸಂಗ ಸೇರಿಸಿ, ಕೊನೆಯಲ್ಲಿ ಧ್ವನಿಯೇರಿಸಿದರೆ ಚಪ್ಪಾಳೆಗೆ ಕೊರತೆಯಾಗದು. ಆದರೆ ಇಂತಹ ಭಾಷಣ ಕೇಳಿ ಮನೆಗೆ ಹೋದ ವಿದ್ಯಾರ್ಥಿ ಆ ರಾತ್ರಿ ಅಸೈನ್‌ಮೆಂಟಿನ ಹಾಳೆಯನ್ನು ತೆರೆಯುತ್ತಾನೆಯೇ? ತೆರೆಯುವುದಿಲ್ಲ ಎಂಬುದು ನಮ್ಮ ಅನುಭವ. ವಿದ್ಯಾರ್ಥಿಯಾಗಿದ್ದಾಗ ನಾವೂ ಇಂತಹ ಅನೇಕ ಭಾಷಣಗಳನ್ನು ಕೇಳಿದ್ದೇವೆ, ಚಪ್ಪಾಳೆಯನ್ನೂ ತಟ್ಟಿದ್ದೇವೆ. ಆದ್ದರಿಂದ ಪ್ರೇರಣೆಯ ಮಾತನ್ನು ಆಕಾಶದಿಂದ ಆರಂಭಿಸದೆ, ಆ ತೆರೆಯದ ಹಾಳೆಯಿಂದಲೇ ಆರಂಭಿಸೋಣ ಎಂದುಕೊಂಡಿದ್ದೇವೆ.

ರಾತ್ರಿ ಹನ್ನೊಂದು ಗಂಟೆ. ನಾಳೆ ಬೆಳಿಗ್ಗೆ ಅಸೈನ್‌ಮೆಂಟ್ ಒಪ್ಪಿಸಬೇಕು. ಉಪನ್ಯಾಸಕರು ವಿಷಯ ಕೊಟ್ಟು ಒಂದೂವರೆ ತಿಂಗಳಾಗಿದೆ. ಹುಡುಗ ಮೇಜಿನ ಮುಂದೆ ಕುಳಿತಿದ್ದಾನೆ. ಮೊದಲು ಮೇಜನ್ನು ಒರೆಸುತ್ತಾನೆ. ಹಾಳೆಗೆ ನಾಲ್ಕೂ ಕಡೆ ಗೆರೆ ಎಳೆಯುತ್ತಾನೆ. ತನ್ನ ಹೆಸರು, ತರಗತಿ, ನೋಂದಣಿ ಸಂಖ್ಯೆಗಳನ್ನು ಅಂದವಾಗಿ ಬರೆಯುತ್ತಾನೆ. ನೀರು ಕುಡಿದು ಬರುತ್ತಾನೆ. 'ಐದೇ ನಿಮಿಷ' ಎಂದು ಮೊಬೈಲ್ ಕೈಗೆತ್ತಿಕೊಳ್ಳುತ್ತಾನೆ. ಒಂದು ಗಂಟೆಯ ಹೊತ್ತಿಗೆ ಗೆಳೆಯನೊಬ್ಬನ ಹನ್ನೆರಡು ಹಾಳೆಗಳ ಫೋಟೋ ವಾಟ್ಸಪ್‌ನಲ್ಲಿ ಬರುತ್ತದೆ. ಅದನ್ನು ನೋಡಿಕೊಂಡು, ಅಲ್ಲಲ್ಲಿ ಎರಡು ಪದ ಬದಲಿಸಿ, ಬೆಳಗಿನವರೆಗೆ ನಕಲು ಮಾಡುತ್ತಾನೆ. ಸುಬ್‌ಹಿ ನಮಾಝ್‌ಗೆ ಹೊರಟ ತಂದೆ ಕೋಣೆಯ ಬೆಳಕನ್ನು ಕಂಡು, ಮಗ ರಾತ್ರಿಯಿಡೀ ಓದುತ್ತಿದ್ದಾನೆಂದು ಸಂತೋಷಪಡುತ್ತಾರೆ. ಆ ಸಂತೋಷವು ಹುಡುಗನ ಎದೆಗೆ ಮುಳ್ಳಿನಂತೆ ಚುಚ್ಚುತ್ತದೆ.

ಇದು ಇಲ್ಲಿ ಕುಳಿತಿರುವ ಯಾವುದೇ ಒಬ್ಬ ಹುಡುಗನ ಕತೆಯಲ್ಲ. 1984ರಲ್ಲಿ ಅಮೆರಿಕದ ಸಂಶೋಧಕಿಯರಾದ ಲಾರಾ ಸಾಲಮನ್ ಮತ್ತು ಎಸ್ತರ್ ರಾಥ್‌ಬ್ಲಮ್, 342 ಮಂದಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಈ ಬಗ್ಗೆ ಪ್ರಶ್ನಿಸಿದ್ದರು. ಪ್ರಬಂಧ ಬರೆಯುವುದನ್ನು ಯಾವಾಗಲೂ ಅಥವಾ ಬಹುತೇಕ ಯಾವಾಗಲೂ ಮುಂದೂಡುತ್ತೇವೆ ಎಂದವರು ನೂರಕ್ಕೆ 46. ವಾರದ ಓದನ್ನು ಹಾಗೆ ಮುಂದೂಡುವವರು ಸುಮಾರು 30, ಪರೀಕ್ಷೆಯ ತಯಾರಿಯನ್ನು ಮುಂದೂಡುವವರು ಸುಮಾರು 28. ಅದೇ ವಿದ್ಯಾರ್ಥಿ, ಅದೇ ಸೋಮಾರಿತನ ಎಂದಾಗಿದ್ದರೆ ಮೂರೂ ಅಂಕಿಗಳು ಒಂದೇ ಆಗಬೇಕಿತ್ತಲ್ಲವೇ? ಓದುವುದಕ್ಕಿಂತ ಬರೆಯುವುದನ್ನೇ ಅವನು ಹೆಚ್ಚು ಮುಂದೂಡುತ್ತಾನೆ. ಏಕೆಂದರೆ ಓದಿದ್ದು ಅವನಿಗೆ ಮಾತ್ರ ತಿಳಿಯುತ್ತದೆ, ಬರೆದದ್ದನ್ನು ಇನ್ನೊಬ್ಬರು ನೋಡುತ್ತಾರೆ. ಈ ಕೊನೆಯ ಮಾತು ನಮ್ಮದು, ಸಂಶೋಧಕರದ್ದಲ್ಲ.

ಈ ಹುಡುಗ ನಿಜವಾಗಿಯೂ ಸೋಮಾರಿಯೇ ಎಂದು ಹೆತ್ತವರು ಒಮ್ಮೆ ಆಲೋಚಿಸಬೇಕು. ಮದುವೆ ಮನೆಯಲ್ಲಿ ಮೂರು ದಿನ ನಿದ್ದೆಗೆಟ್ಟು ಬಡಿಸುವವನು ಅವನೇ. ಭಾನುವಾರ ತಂದೆಯ ಅಂಗಡಿಯಲ್ಲಿ ಮೂಟೆ ಇಳಿಸುವವನೂ ಅವನೇ. ಮಧ್ಯಾಹ್ನದ ಸುಡುಬಿಸಿಲಲ್ಲಿ ಕ್ರಿಕೆಟ್ ಆಡುವವನ ಮೈಯಲ್ಲಿ ಆಲಸ್ಯ ಎಲ್ಲಿಂದ ಬರಬೇಕು? ಸೋಮಾರಿಗೆ ಎಲ್ಲ ಕೆಲಸವೂ ಬೇಡ. ಇವನಿಗೆ ಬೇಡವಾಗಿರುವುದು ಒಂದೇ ಒಂದು ಕೆಲಸ. ಇವನ ಸಮಸ್ಯೆ ಮೈಯದ್ದಲ್ಲ. ಆ ಹಾಳೆಯ ಮುಂದೆ ಕುಳಿತಾಗ ಮನಸ್ಸಿನಲ್ಲಿ ಏಳುವ ಯಾವುದೋ ಒಂದು ಭಾವನೆಯಿಂದ ಇವನು ಓಡುತ್ತಿದ್ದಾನೆ.

ಮುಂದೂಡುವುದು ಹೊಸ ಕಾಯಿಲೆಯೂ ಅಲ್ಲ. ಅರಬಿ ಭಾಷೆಯಲ್ಲಿ ಇದಕ್ಕೆ 'ತಸ್ವೀಫ್' ಎನ್ನುತ್ತಾರೆ. 'ಮುಂದೆ ಮಾಡುವೆನು' ಎಂಬ ಅರ್ಥ ಬರಲು ಕ್ರಿಯಾಪದದ ಹಿಂದೆ ಸೇರಿಸುವ 'ಸೌಫ' ಎಂಬ ಪುಟ್ಟ ಪದದಿಂದ ಹುಟ್ಟಿದ ಶಬ್ದವಿದು. ಅರಬಿ ವ್ಯಾಕರಣ ಕಲಿಯುವ ಮಕ್ಕಳಿಗೆ ಈ 'ಸೌಫ' ಬಹಳ ಬೇಗ ಬಾಯಿಗೆ ಬರುತ್ತದೆ, ನಮಗೂ ಬಂದಿತ್ತು. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ಪಶ್ಚಾತ್ತಾಪದ ಕುರಿತಾದ ಚರ್ಚೆಯಲ್ಲಿ ಇದಕ್ಕೊಂದು ಉಪಮೆ ಕೊಟ್ಟಿದ್ದಾರೆ. ಒಬ್ಬನಿಗೆ ಒಂದು ಮರವನ್ನು ಕಿತ್ತು ಹಾಕಬೇಕಾಗಿದೆ. ಮರ ಗಟ್ಟಿಯಾಗಿದೆ ಎಂದು ಕಂಡು ಮುಂದಿನ ವರ್ಷ ಬರುತ್ತೇನೆಂದು ಹೊರಟುಹೋಗುತ್ತಾನೆ. ಒಂದು ವರ್ಷದಲ್ಲಿ ಮರದ ಬೇರು ಇನ್ನಷ್ಟು ಆಳಕ್ಕಿಳಿದಿರುತ್ತದೆ, ಇವನ ತೋಳು ಇನ್ನಷ್ಟು ಸೋತಿರುತ್ತದೆ. ಅವರು ಹೇಳಿದ್ದು ಪಾಪದ ಬಗ್ಗೆ. ಆದರೆ ಆರು ವಾರಗಳ ಕಾಲ ಮುಟ್ಟದೇ ಬಿಟ್ಟ ಅಸೈನ್‌ಮೆಂಟ್ ಕೂಡ ಹೀಗೆಯೇ ಬೇರು ಬಿಡುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮ ನಾಡಿನಲ್ಲಿಯೂ ಒಂದು ಕಾಲದಲ್ಲಿ ಮನೆಮನೆಯ ಬಾಗಿಲಲ್ಲಿ 'ನಾಳೆ ಬಾ' ಎಂದು ಬರೆಯಲಾಗುತ್ತಿತ್ತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಮರಳುತ್ತದಂತೆ, ಮರುದಿನ ಬಂದಾಗಲೂ ಅದನ್ನೇ ಓದಿ ಮರಳುತ್ತದಂತೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂಬ ಆ ನಂಬಿಕೆಯನ್ನು ಇಲ್ಲಿ ಚರ್ಚಿಸುವುದಿಲ್ಲ. ನಮ್ಮ ಮಕ್ಕಳು ಅಸೈನ್‌ಮೆಂಟಿನ ಬಾಗಿಲಿಗೆ ಬರೆದಿಟ್ಟಿರುವುದೂ ಇದನ್ನೇ. ಮತ್ತು ಬರೆಯುವುದು ಅದೇ ಕಾರಣಕ್ಕೆ, ಭಯದಿಂದ.

ಇನ್ನು ದೊಡ್ಡವರ ವಿಚಾರ. ಮೂರು ತಿಂಗಳಲ್ಲಿ ವರದಿ ಸಲ್ಲಿಸಬೇಕೆಂದು 1992ರ ಡಿಸೆಂಬರ್‌ನಲ್ಲಿ ನೇಮಕವಾದ ಲಿಬರ್ಹಾನ್ ಆಯೋಗವು 48 ಬಾರಿ ಅವಧಿ ವಿಸ್ತರಣೆ ಪಡೆದು, 2009ರ ಜೂನ್‌ನಲ್ಲಿ ವರದಿ ಒಪ್ಪಿಸಿತು. ಈ ದೇಶದಲ್ಲಿ ಮುಂದೂಡಿಕೆಗೆ ಮಾದರಿಗಳ ಕೊರತೆ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗನನ್ನು ಮಾತ್ರ ಗದರಿಸುವುದು ನ್ಯಾಯವೇ ಎಂದು ಕೇಳಬೇಕೆನಿಸುತ್ತದೆ.

ಭಯ ಎಂದೆವು. ಯಾವ ಭಯ? ಇದಕ್ಕೆ ನಮ್ಮ ಕತೆಯನ್ನೇ ಹೇಳುವುದು ಲೇಸು.

ಮದ್ರಸ ಶಿಕ್ಷಣ ಮುಗಿಸಿ ನಾವು ಪಟ್ಟಣದ ಕಾಲೇಜೊಂದರಲ್ಲಿ ಕಲಾ ಪದವಿಗೆ ಸೇರಿದೆವು. ಮೊದಲ ಸೆಮಿಸ್ಟರ್‌ನಲ್ಲಿ ಸಮಾಜಶಾಸ್ತ್ರದ ಉಪನ್ಯಾಸಕರು ಹತ್ತು ಪುಟಗಳ ಅಸೈನ್‌ಮೆಂಟ್ ಕೊಟ್ಟರು. ಆರು ವಾರಗಳ ಸಮಯ. ಅಸೈನ್‌ಮೆಂಟ್ ಎಂದರೇನು ಎಂಬುದೇ ನಮಗೆ ತಿಳಿದಿರಲಿಲ್ಲ. ಪುಸ್ತಕದಲ್ಲಿರುವುದನ್ನು ಬರೆಯಬೇಕೇ, ನಮ್ಮ ಅಭಿಪ್ರಾಯ ಬರೆಯಬೇಕೇ? ಎಷ್ಟು ಪುಸ್ತಕ ನೋಡಬೇಕು, ಎಲ್ಲಿಂದ ಶುರು ಮಾಡಬೇಕು? ಸಹಪಾಠಿಗಳೆಲ್ಲ ತಲೆಯಾಡಿಸಿದರು, ನಾವೂ ತಲೆಯಾಡಿಸಿದೆವು. ಕೇಳಿದರೆ 'ಮದ್ರಸದವನಿಗೆ ಇಷ್ಟೂ ತಿಳಿಯದೇ' ಎಂದು ನಕ್ಕಾರೆಂಬ ಅಳುಕು. ಗ್ರಂಥಾಲಯದಲ್ಲಿ ಸಿಕ್ಕಿದ ಪುಸ್ತಕ ಇಂಗ್ಲಿಷಿನದ್ದು. ಮೊದಲ ಪುಟದಲ್ಲೇ ಹದಿನಾರು ಪದಗಳಿಗೆ ಅರ್ಥ ತಿಳಿಯದೆ ಅದನ್ನು ಮುಚ್ಚಿಟ್ಟೆವು. ಬಳಿಕ ಐದು ವಾರ ಆ ಪುಸ್ತಕ ನಮ್ಮ ಚೀಲದಲ್ಲಿ ಕಾಲೇಜಿಗೆ ಹೋಗಿ ಬರುತ್ತಿತ್ತು, ತೆರೆಯಲಿಲ್ಲ. ಕೊನೆಯ ರಾತ್ರಿ ಗೆಳೆಯನದ್ದನ್ನು ನಕಲು ಮಾಡಿದೆವು. ಉಪನ್ಯಾಸಕರು ಅದನ್ನು ತಿರುವಿಯೂ ನೋಡದೆ ಕೊನೆಯ ಪುಟಕ್ಕೊಂದು ಕೆಂಪು ಗೀಟು ಹಾಕಿ ಹತ್ತರಲ್ಲಿ ಆರು ಅಂಕ ಕೊಟ್ಟರು. ನಮಗೆ ನೆಮ್ಮದಿಯಾಯಿತು. ಆ ನೆಮ್ಮದಿಯೇ ಮುಂದಿನ ಎರಡು ಸೆಮಿಸ್ಟರ್‌ಗಳನ್ನು ಕೆಡಿಸಿತು.

ಎಲ್ಲರಿಗೂ ಆರು ಅಂಕದ ಭಾಗ್ಯ ಸಿಗುವುದಿಲ್ಲ. ನಮ್ಮ ತರಗತಿಯಲ್ಲಿ ಇನ್ನೊಬ್ಬ ಹುಡುಗನಿದ್ದ. ನಮ್ಮೆಲ್ಲರಿಗಿಂತ ಚೆನ್ನಾಗಿ ಕನ್ನಡ ಬರೆಯುತ್ತಿದ್ದ. ಅವನು ನಕಲು ಮಾಡಲು ಒಪ್ಪಲಿಲ್ಲ, ಸ್ವತಃ ಬರೆಯಲೂ ಆಗಲಿಲ್ಲ. ಒಪ್ಪಿಸುವ ದಿನ ತರಗತಿಗೆ ಬರಲಿಲ್ಲ. ಮರುದಿನ ಬಂದರೆ ಉಪನ್ಯಾಸಕರು ಕೇಳುತ್ತಾರೆಂದು ಮರುದಿನವೂ ಬರಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಬಾರದಿದ್ದುದಕ್ಕೂ ಕಾರಣ ಹೇಳಬೇಕಾಯಿತು. ಹಾಜರಾತಿ ಕಡಿಮೆಯಾಯಿತು. ಮೂರನೇ ಸೆಮಿಸ್ಟರ್‌ಗೆ ಅವನು ಇರಲಿಲ್ಲ. ಗಲ್ಫಿನ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಸುದ್ದಿ ಬಂತು. ದುಡಿದು ತಿನ್ನುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಅವನ ಮನೆಯವರು ಇಂದಿಗೂ 'ಅವನಿಗೆ ಓದಿನಲ್ಲಿ ಆಸಕ್ತಿಯೇ ಇರಲಿಲ್ಲ' ಎನ್ನುತ್ತಾರೆ. ವಾಸ್ತವದಲ್ಲಿ ಅವನ ಓದು ನಿಂತುಹೋದದ್ದು ಹತ್ತು ಪುಟಗಳ ಒಂದು ಅಸೈನ್‌ಮೆಂಟಿನ ಬಳಿ. ಅದನ್ನು ಬಲ್ಲವರು ನಾವು ಮೂರ್ನಾಲ್ಕು ಮಂದಿ ಮಾತ್ರ.

ಕೆನಡಾದ ಪಿಯರ್ಸ್ ಸ್ಟೀಲ್ ಎಂಬ ಪ್ರಾಧ್ಯಾಪಕರು ಈ ಕುರಿತಾದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಎಲ್ಲವನ್ನೂ ಪರಿಪೂರ್ಣವಾಗಿ ಮಾಡಬೇಕೆನ್ನುವವರೇ ಮುಂದೂಡುತ್ತಾರೆ ಎಂಬ ಜನಪ್ರಿಯ ನಂಬಿಕೆಗೆ ಅದರಲ್ಲಿ ಆಧಾರ ಸಿಗಲಿಲ್ಲ. ಕೆಲಸದ ಬಗೆಗಿನ ಅಸಹನೆ, ತನ್ನಿಂದ ಆದೀತೆಂಬ ನಂಬಿಕೆಯ ಕೊರತೆ, ಫಲ ಬಹಳ ದೂರವಿರುವುದು, ಮನಸ್ಸು ಬೇರೆಡೆಗೆ ಸುಲಭವಾಗಿ ಜಾರುವುದು, ಇವೇ ಮುಖ್ಯ ಕಾರಣಗಳೆಂದು ತಿಳಿದುಬಂತು. ಹಾಳೆಯ ಮುಂದೆ ಕುಳಿತರೆ 'ನನಗೆ ಗೊತ್ತಿಲ್ಲ' ಎಂಬುದು ನೆನಪಾಗುತ್ತದೆ. ಎದ್ದುಹೋದರೆ ಅದು ಮರೆಯುತ್ತದೆ. ಆ ಕ್ಷಣದ ಹಗುರವೇ ಮುಂದೂಡಿಕೆಯ ಸಂಬಳ. ಇದನ್ನು ಅಳೆದು ನೋಡಿದವರೂ ಇದ್ದಾರೆ. 1997ರಲ್ಲಿ ಪ್ರಕಟವಾದ ಟೈಸ್ ಮತ್ತು ಬೌಮೈಸ್ಟರ್ ಎಂಬವರ ಅಧ್ಯಯನದಲ್ಲಿ, ಮುಂದೂಡುವ ವಿದ್ಯಾರ್ಥಿಗಳು ಸೆಮಿಸ್ಟರಿನ ಆರಂಭದಲ್ಲಿ ಇತರರಿಗಿಂತ ನಿರಾಳವಾಗಿದ್ದರು, ಅವರಲ್ಲಿ ಅನಾರೋಗ್ಯವೂ ಕಡಿಮೆಯಿತ್ತು. ಕೊನೆಯಲ್ಲಿ ಎಲ್ಲ ತಲೆಕೆಳಗಾಯಿತು. ಅವರ ಒತ್ತಡವೂ ಅನಾರೋಗ್ಯವೂ ಇತರರಿಗಿಂತ ಹೆಚ್ಚಾಯಿತು, ಅಂಕಗಳೂ ಕಡಿಮೆಯಾದವು. ಬಡ್ಡಿಯ ಸಾಲ ತೆಗೆದವನ ಮನೆಯಲ್ಲಿ ಮೊದಲ ತಿಂಗಳು ಹಬ್ಬವೇ ಇರುತ್ತದೆ.

ಜತೆಗೆ ಲೆಕ್ಕದ ತಪ್ಪೂ ಇದೆ. 'ಎರಡು ದಿನದ ಕೆಲಸ' ಎಂದು ಹೇಳುವ ವಿದ್ಯಾರ್ಥಿ ಸುಳ್ಳು ಹೇಳುತ್ತಿರುವುದಿಲ್ಲ, ಹಾಗೆಂದು ನಂಬಿರುತ್ತಾನೆ. ಕೆನಡಾದಲ್ಲಿ ಅಂತಿಮ ವರ್ಷದ ಪ್ರಬಂಧ ಬರೆಯುತ್ತಿದ್ದ 37 ವಿದ್ಯಾರ್ಥಿಗಳನ್ನು, ಎಷ್ಟು ದಿನಗಳಲ್ಲಿ ಮುಗಿಸುವಿರೆಂದು ಕೇಳಲಾಯಿತು. ಸರಾಸರಿ 34 ದಿನ ಎಂದರು. ಎಲ್ಲವೂ ಕೆಟ್ಟರೆ ಎಷ್ಟು ಬೇಕು ಎಂದಾಗ ಸುಮಾರು 49 ದಿನ ಎಂದರು. ವಾಸ್ತವದಲ್ಲಿ ಹಿಡಿದದ್ದು 55 ದಿನಕ್ಕೂ ಮಿಕ್ಕಿ. 1994ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಮನೆ ಕಟ್ಟಿಸಿದ ಯಾವ ಹಿರಿಯರ ಮುಂದಿಟ್ಟರೂ ಅವರಿಗೆ ಆಶ್ಚರ್ಯವಾಗದು.

ಈಗ ಪ್ರೇರಣೆಗೆ ಬರೋಣ. ಪ್ರೇರಣೆಯನ್ನು ನಾವು ಪೆಟ್ರೋಲಿನಂತೆ ಭಾವಿಸಿದ್ದೇವೆ. ಹೊರಗಿನಿಂದ ತುಂಬಿಸಿದರೆ ಗಾಡಿ ಓಡುತ್ತದೆ ಎಂದು. ಆದ್ದರಿಂದ ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ರಯತ್ನ ನಡೆಯುತ್ತದೆ. ಒಂದು, ಹೋಲಿಕೆ. ಚಿಕ್ಕಪ್ಪನ ಮಗ ಇಂಜಿನಿಯರ್ ಆದ, ಪಕ್ಕದ ಮನೆಯ ಹುಡುಗಿಗೆ ರ‍್ಯಾಂಕ್ ಬಂತು, ನೀನೇನು ಮಾಡಿದೆ? ತನ್ನಿಂದಾಗದು ಎಂಬ ಭಯದಿಂದ ಓಡುತ್ತಿರುವವನಿಗೆ ಈ ಮಾತು ಆ ಭಯವನ್ನೇ ದೃಢಪಡಿಸುತ್ತದೆ. ಅವನು ಇನ್ನಷ್ಟು ಓಡುತ್ತಾನೆ. ಇನ್ನೊಂದು, ಬಹುಮಾನ. ಇಷ್ಟು ಅಂಕ ತಂದರೆ ಹೊಸ ಮೊಬೈಲ್, ಅಷ್ಟು ತಂದರೆ ಬೈಕ್. 1973ರಲ್ಲಿ ಅಮೆರಿಕದ ಒಂದು ಶಿಶುವಿಹಾರದಲ್ಲಿ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸಲು ಇಷ್ಟಪಡುವ ಮಕ್ಕಳನ್ನು ಆರಿಸಿ, ಕೆಲವರಿಗೆ ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆಯುಳ್ಳ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಒಂದೆರಡು ವಾರಗಳ ಬಳಿಕ, ಪ್ರಶಸ್ತಿಯ ಮಾತಿಲ್ಲದೆ ಬಣ್ಣದ ಪೆನ್ನುಗಳನ್ನು ಮಕ್ಕಳ ಮುಂದಿಟ್ಟಾಗ, ಆಸೆ ತೋರಿಸಲಾಗಿದ್ದ ಮಕ್ಕಳು ಇತರರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಇಷ್ಟದ ಕೆಲಸವನ್ನು ಕೂಲಿಯ ಕೆಲಸವಾಗಿಸಿದರೆ ಇಷ್ಟವು ಹೊರಟುಹೋಗುತ್ತದೆ. ಬಹುಮಾನ ಕೊಡಲೇಬಾರದು ಎಂದು ನಾವು ಹೇಳುತ್ತಿಲ್ಲ. ಹಬ್ಬಕ್ಕೆ ಕೊಡಿ, ಪ್ರೀತಿಗೆ ಕೊಡಿ. ಓದಿಗೆ ಬೆಲೆಪಟ್ಟಿ ಕಟ್ಟಬೇಡಿ.

ಹಾಗಾದರೆ ಒಳಗಿನ ಪ್ರೇರಣೆ ಎಂದರೇನು? ನಾಲ್ಕನೇ ಸೆಮಿಸ್ಟರ್‌ನಲ್ಲಿ ಇತಿಹಾಸದ ಅಧ್ಯಾಪಕರೊಬ್ಬರು ವಿಷಯ ಕೊಡಲಿಲ್ಲ. 'ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿರುವ ಒಂದು ಉದ್ಯೋಗದ ಬಗ್ಗೆ ಬರೆಯಿರಿ' ಎಂದರು. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು ಎಂಬುದು ಪಠ್ಯಪುಸ್ತಕದಲ್ಲಿತ್ತು. ನದಿಯಂಚಿನ ಮಣ್ಣು ದೋಣಿಯಲ್ಲಿ ಬರುತ್ತಿದ್ದುದು, ಹದ ಮಾಡಿದ ಮಣ್ಣನ್ನು ಅಚ್ಚಿಗೆ ಹಾಕುತ್ತಿದ್ದುದು, ಗೂಡಿನ ಬಿಸಿ, ಕೂಲಿಯ ಲೆಕ್ಕ, ಇವೆಲ್ಲ ಅಜ್ಜನ ನಾಲಗೆಯಲ್ಲಿದ್ದವು. ಅಜ್ಜ ಹೇಳುತ್ತಾ ಹೋದರು, ನಾವು ಬರೆಯುತ್ತಾ ಹೋದೆವು. ಒಪ್ಪಿಸುವ ದಿನಕ್ಕೆ ಎರಡು ವಾರ ಮೊದಲೇ ಹದಿನೆಂಟು ಪುಟಗಳಾದವು. ಕಾಲೇಜಿನ ಕೆಲಸಕ್ಕೂ ನಮ್ಮ ಮನೆಗೂ ಸಂಬಂಧವಿದೆ ಎಂದು ನಮಗೆ ಮೊದಲ ಬಾರಿಗೆ ಅನಿಸಿದ್ದು ಅಂದು. ಫ್ರೆಂಚ್ ಮಾತನಾಡುವ ಕೆನಡಾದ ವಿದ್ಯಾರ್ಥಿಗಳ ಬಗ್ಗೆ 1995ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ. ವಿಷಯದಲ್ಲಿ ತಮಗೇ ಆಸಕ್ತಿಯಿದ್ದು ಓದುವವರು ಕಡಿಮೆ ಮುಂದೂಡುತ್ತಾರೆ, ಇನ್ನೊಬ್ಬರ ಒತ್ತಾಯಕ್ಕೆ ಓದುವವರು ಹೆಚ್ಚು ಮುಂದೂಡುತ್ತಾರೆ. ತಂದೆಯ ಕನಸನ್ನು ಮಗನ ಚೀಲದಲ್ಲಿ ಹಾಕಿ ಕಳುಹಿಸುವ ಹೆತ್ತವರು ಇದನ್ನು ಗಮನಿಸಬೇಕು. ಇತಿಹಾಸ ಓದಬೇಕೆಂದವನನ್ನು ಬಿಕಾಂಗೆ ಸೇರಿಸಿದರೆ, ಅವನು ಪ್ರತೀ ಅಸೈನ್‌ಮೆಂಟನ್ನೂ ನಿಮಗಾಗಿ ಬರೆಯುತ್ತಾನೆ. ಇನ್ನೊಬ್ಬರ ಕೆಲಸ ಯಾವಾಗಲೂ ನಾಳೆಗೆ ಇರುತ್ತದೆ.

ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಬರೆದು, ಓದಿ, ಗೆದ್ದು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ನಮ್ಮ ಮಕ್ಕಳ ಮನಸ್ಸಿನಲ್ಲಿದೆ. ಇಪ್ಪತ್ತು ವರ್ಷ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ ಎಂದು 2006ರಲ್ಲಿ ಸಾಚಾರ್ ಸಮಿತಿಯು ವರದಿ ಮಾಡಿತ್ತು. ಇಂದು ಕಾಲೇಜಿನಲ್ಲಿರುವವರ ಹೆತ್ತವರು ಆ ತಲೆಮಾರಿಗೆ ಸೇರಿದವರು. ಅಸೈನ್‌ಮೆಂಟ್ ಎಂದರೇನೆಂದು ಹೇಳಿಕೊಡಲು ಅನೇಕ ಮನೆಗಳಲ್ಲಿ ಯಾರೂ ಇಲ್ಲ. ಓದಿನಿಂದ ಫಲ ಸಿಗುತ್ತದೆಂಬ ನಿರೀಕ್ಷೆ ಸಮುದಾಯದಲ್ಲಿ ಕಡಿಮೆ ಎಂಬುದನ್ನೂ ಆ ಸಮಿತಿ ಗುರುತಿಸಿತ್ತು. ಪದವೀಧರನಾದ ಅಣ್ಣ ಆಟೋ ಓಡಿಸುವುದನ್ನು ಕಂಡ ತಮ್ಮನಿಗೆ ಪೆನ್ನು ಭಾರವಾಗುವುದು ಸಹಜ. ಸಂಶೋಧನೆ ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸುವುದಾಗಿ ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಒಂದೆಡೆ ಏಣಿಯ ಮೆಟ್ಟಿಲು ಕೀಳುತ್ತಾ, ಇನ್ನೊಂದೆಡೆ 'ಇವರು ಹತ್ತುವುದೇ ಇಲ್ಲ' ಎನ್ನುವುದು ರಾಜಕೀಯದ ಹಳೆಯ ಆಟ. ಇದನ್ನು ಪ್ರಶ್ನಿಸಬೇಕು, ಪ್ರಶ್ನಿಸುತ್ತಲೂ ಇದ್ದೇವೆ. ಆದರೆ ನಾಳೆ ಬೆಳಿಗ್ಗೆ ಒಪ್ಪಿಸಬೇಕಾದ ಹತ್ತು ಪುಟಗಳಿಗೆ ಸರಕಾರ ಹೊಣೆಯಲ್ಲ.

ವಿದ್ಯಾರ್ಥಿನಿಯರ ವಿಷಯ ಸ್ವಲ್ಪ ಬೇರೆ. ಕಾಲೇಜಿನಿಂದ ಬಂದ ಮಗನಿಗೆ ಚಹಾ ಸಿಗುತ್ತದೆ. ಕಾಲೇಜಿನಿಂದ ಬಂದ ಮಗಳು ಚಹಾ ಮಾಡುತ್ತಾಳೆ. ರಾತ್ರಿ ಪಾತ್ರೆಗಳು ಮುಗಿದ ಬಳಿಕ ಅವಳ ಓದು ಆರಂಭವಾಗುತ್ತದೆ. ಅವಳು ಅಸೈನ್‌ಮೆಂಟನ್ನು ಮುಂದೂಡುತ್ತಿಲ್ಲ, ಮನೆಯು ಅವಳ ಅಸೈನ್‌ಮೆಂಟನ್ನು ಮುಂದೂಡುತ್ತಿದೆ. ಅಂಕ ಕಡಿಮೆಯಾದರೆ ಮಗನಿಗೆ ಟ್ಯೂಶನ್, ಮಗಳಿಗೆ ಮದುವೆಯ ಮಾತುಕತೆ. ಈ ಸಭೆಯಲ್ಲಿರುವ ತಂದೆಯಂದಿರು ಇದಕ್ಕೆ ತಲೆಯಾಡಿಸುತ್ತಿದ್ದಾರೆ. ಮನೆಗೆ ಹೋಗಿ ಸಂಜೆಯ ಒಂದು ಗಂಟೆಯನ್ನು ಅವಳಿಗೆ ಬಿಟ್ಟುಕೊಟ್ಟರೆ ನಮ್ಮ ಮಾತಿಗೆ ಬೆಲೆ ಬಂದೀತು.

ಇನ್ನು ಪರಿಹಾರ. ಇದಕ್ಕೆ ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಬಾಲ್ಯದ ಕೆಲವು ವರ್ಷಗಳು ಹಿಫ್ಝ್ ತರಗತಿಯಲ್ಲಿ ಕಳೆದವು. ಹದಿನೈದು ಸಾಲುಗಳ ಮುಸ್‌ಹಫ್‌ನಲ್ಲಿ 604 ಪುಟಗಳಿವೆ. ಹನ್ನೆರಡು ವರ್ಷದ ಮಗು ತನಗೆ ಅರ್ಥವಾಗದ ಭಾಷೆಯ ಅಷ್ಟೂ ಪುಟಗಳನ್ನು ಮೂರ್ನಾಲ್ಕು ವರ್ಷಗಳಲ್ಲಿ ಕಂಠಪಾಠ ಮಾಡುತ್ತದೆ. ಅದೇ ಮಗು ಹತ್ತೊಂಬತ್ತು ವರ್ಷದವನಾದಾಗ, ತನ್ನದೇ ಭಾಷೆಯಲ್ಲಿ ಹತ್ತು ಪುಟ ಬರೆಯಲು ಆರು ವಾರ ಸಾಲುವುದಿಲ್ಲ. ಇದು ಹೇಗೆ?

ಹಿಫ್ಝ್ ತರಗತಿಯಲ್ಲಿ 604 ಪುಟಗಳನ್ನು ಯಾರೂ ಮಗುವಿನ ಮುಂದಿಡುವುದಿಲ್ಲ. ಇಂದಿನ ಸಬಕ್ ಅರ್ಧ ಪುಟ, ಅಷ್ಟೆ. ನಾಳೆ ಬೆಳಿಗ್ಗೆ ಉಸ್ತಾದರ ಮುಂದೆ ಕುಳಿತು ಒಪ್ಪಿಸಬೇಕು. ಜತೆಗೆ ಕಳೆದ ಕೆಲವು ದಿನಗಳ ಪಾಠ, ಆ ಬಳಿಕ ಹಳೆಯ ಪಾಠದ ಒಂದು ಭಾಗ. ಕೇಳುವವರೊಬ್ಬರು ಪ್ರತಿದಿನ ಇರುತ್ತಾರೆ. ತಪ್ಪಿದಲ್ಲಿ ಅಲ್ಲೇ ತಿದ್ದುತ್ತಾರೆ. ಇಂದು ತಪ್ಪಿದರೆ ನಾಳೆ ಮತ್ತೆ ಅದೇ ಅರ್ಧ ಪುಟ, ಆಕಾಶವೇನೂ ಕಳಚಿ ಬೀಳುವುದಿಲ್ಲ. ಅಲ್ಲಿ ಯಾರೂ ಮಗುವಿಗೆ ಪ್ರೇರಣೆಯ ಭಾಷಣ ಮಾಡಿದ್ದು ನಮಗೆ ನೆನಪಿಲ್ಲ. ಕಂಠಪಾಠವಾದ ಐದನೇ ಪುಟವೇ ಆರನೇ ಪುಟಕ್ಕೆ ಪ್ರೇರಣೆಯಾಗುತ್ತಿತ್ತು. ನಾವು ತಿಳಿದಿರುವ ಕ್ರಮ ತಲೆಕೆಳಗಾಗಿದೆ. ಪ್ರೇರಣೆ ಬಂದ ಮೇಲೆ ಕೆಲಸ ಆರಂಭಿಸೋಣ ಎನ್ನುತ್ತೇವೆ. ಬಹುತೇಕ ಸಂದರ್ಭಗಳಲ್ಲಿ ಕೆಲಸ ಆರಂಭವಾದ ಮೇಲಷ್ಟೇ ಪ್ರೇರಣೆ ಬರುತ್ತದೆ.

ಮದ್ರಸದ ಪದ್ಧತಿಯನ್ನು ಹೊಗಳುವುದಕ್ಕೆಂದೇ ಇದನ್ನು ಹೇಳುತ್ತಿಲ್ಲ. ಅಲ್ಲಿ ಬೆತ್ತವೂ ಇತ್ತು, ಬೆತ್ತದ ಭಯದಿಂದ ಓಡಿಹೋದವರೂ ಇದ್ದರು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಒಪ್ಪಿಸಲು ಕಲಿಸಿದಷ್ಟು ಪ್ರಶ್ನಿಸಲು ನಮಗೆ ಕಲಿಸಲಿಲ್ಲ. ಆದ್ದರಿಂದಲೇ ಕಾಲೇಜಿನಲ್ಲಿ ಕೇಳುವವರು ಇಲ್ಲವಾದಾಗ ನಾವು ಕುಸಿದೆವು. ಕಾಲೇಜಿನ ಕೊರತೆ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಆರು ವಾರಗಳ ಸ್ವಾತಂತ್ರ್ಯವಿದೆ, ನಡುವೆ ಒಂದು ದಿನವೂ 'ಎಲ್ಲಿಗೆ ಬಂತು' ಎಂದು ಕೇಳುವವರಿಲ್ಲ. ಅರುವತ್ತು ಎಪ್ಪತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಉಪನ್ಯಾಸಕರನ್ನಷ್ಟೇ ದೂಷಿಸುವುದೂ ಸರಿಯಲ್ಲ. ಈಗಂತೂ ವಾಟ್ಸಪ್ ಫೋಟೋವನ್ನು ನೋಡಿ ನಕಲು ಮಾಡುವ ಶ್ರಮವೂ ಉಳಿದಿಲ್ಲ. ಚಾಟ್‌ಜಿಪಿಟಿಗೆ ವಿಷಯ ಹೇಳಿದರೆ ನಿಮಿಷದೊಳಗೆ ಹತ್ತು ಪುಟ ಬರುತ್ತದೆ. ಹಾಳೆ ತುಂಬುತ್ತದೆ. 'ನನ್ನಿಂದ ಆಗದು' ಎಂಬ ಭಯ ಮಾತ್ರ ಇದ್ದಲ್ಲೇ ಇರುತ್ತದೆ, ಬಹುಶಃ ಇನ್ನಷ್ಟು ದೊಡ್ಡದಾಗಿ.

ಈಗಾಗಲೇ ತಪ್ಪಿಸಿಕೊಂಡ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮನ್ನು ನೀವೇ ಬೈದುಕೊಂಡಷ್ಟೂ ಹಾಳೆಯ ಬಳಿ ಸುಳಿಯಲು ಭಯ ಹೆಚ್ಚಾಗುತ್ತದೆ. 2010ರಲ್ಲಿ ಕೆನಡಾದ ಸಂಶೋಧಕರು 119 ಮಂದಿ ಪ್ರಥಮ ವರ್ಷದ ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದುದಕ್ಕಾಗಿ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು. ಇದು ಸಡಿಲ ಬಿಡುವ ಮಾತಲ್ಲ. ತಪ್ಪನ್ನು ತಪ್ಪೆಂದು ಒಪ್ಪಿ ಮತ್ತೆ ಬಾಗಿಲಿಗೆ ಬರಬಹುದು ಎಂದು ತಿಳಿದವನು ಮಾತ್ರ ಮರಳಿ ಬರುತ್ತಾನೆ. ತೌಬಾದ ಬಾಗಿಲು ತೆರೆದಿದೆ ಎಂದು ಬಾಲ್ಯದಿಂದ ಕೇಳಿ ಬೆಳೆದ ನಮ್ಮ ಮನೆಗಳಲ್ಲಿ, ಮಗನೊಬ್ಬ 'ನಾನು ಈ ಸಲ ಅಸೈನ್‌ಮೆಂಟ್ ಒಪ್ಪಿಸಲಿಲ್ಲ' ಎಂದು ತಂದೆಗೆ ಧೈರ್ಯವಾಗಿ ಹೇಳುವ ವಾತಾವರಣ ಏಕಿಲ್ಲ? ನಮ್ಮ ಆ ಸಹಪಾಠಿ ತನ್ನ ಮನೆಯಲ್ಲಿ ಈ ಒಂದು ವಾಕ್ಯವನ್ನು ಹೇಳಬಲ್ಲವನಾಗಿದ್ದರೆ, ಮರುದಿನ ತರಗತಿಗೆ ಬರುತ್ತಿದ್ದ.

ಸಂಘಟಕರೊಂದಿಗೆ ನಾವು ಒಂದು ಸಣ್ಣ ವಿಷಯ ಮಾತನಾಡಿದ್ದೇವೆ. ಮದ್ರಸ ಕಟ್ಟಡದ ಮೇಲಂತಸ್ತಿನ ಕೊಠಡಿ ಸಂಜೆಯ ಬಳಿಕ ಖಾಲಿ ಇರುತ್ತದೆ. ಬೆಂಚುಗಳಿವೆ, ಫ್ಯಾನ್ ಇದೆ. ಮಗ್ರಿಬ್‌ನಿಂದ ಇಶಾವರೆಗೆ ಪದವಿ ವಿದ್ಯಾರ್ಥಿಗಳು ಅಲ್ಲಿ ಕುಳಿತು ಬರೆಯಬಹುದು. ಮೊಬೈಲ್‌ಗಳನ್ನು ಬಾಗಿಲ ಬಳಿಯ ಕಪಾಟಿನಲ್ಲಿಡಬೇಕು. ಪದವಿ ಮುಗಿಸಿದ ಮೂವರು ಸರದಿಯಲ್ಲಿ ಬರಲು ಒಪ್ಪಿದ್ದಾರೆ. ಅವರು ಪಾಠ ಮಾಡುವುದಿಲ್ಲ, 'ಇಂದು ಎಷ್ಟಾಯಿತು' ಎಂದು ಕೇಳುತ್ತಾರೆ, ಬರೆದದ್ದನ್ನು ಓದಿಸುತ್ತಾರೆ. ವಿದ್ಯಾರ್ಥಿನಿಯರಿಗೆ ಅಸರ್‌ನಿಂದ ಮಗ್ರಿಬ್‌ವರೆಗಿನ ಸಮಯವನ್ನು ಕೊಡಬಹುದೆಂದು ಇಬ್ಬರು ಶಿಕ್ಷಕಿಯರು ಸೂಚಿಸಿದ್ದಾರೆ. ಕೊಠಡಿಯ ಬೀಗದ ಕೈ ಜಮಾಅತ್ ಸಮಿತಿಯವರ ಬಳಿ ಇದೆ. ಸಮಿತಿಯ ಅಧ್ಯಕ್ಷರು ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ಇಂದೇ ಒಪ್ಪಿದರೆ ಸೋಮವಾರದಿಂದ ಆರಂಭಿಸಬಹುದು. ಬರುವವರು ಉಪನ್ಯಾಸಕರು ಕೊಟ್ಟ ವಿಷಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ ಸಾಕು. ಏನೂ ಬರೆದಿರದಿದ್ದರೂ ಪರವಾಗಿಲ್ಲ.